ಸತ್ತಿದೆ ಎಂದು ಹೇಳುವ ಅಧಿಕಾರ

2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ, ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಹಬ್ ಸಂಸ್ಥೆಯ ಜಾಲದಲ್ಲಿ ಕೆಡುತ್ತಿದ್ದ ಒಂದು ಆಪ್ಟಿಕಲ್ ಉಪಕರಣವನ್ನು ಬದಲಾಯಿಸುವ ಕೆಲಸ ನಡೆದಿತ್ತು. ಆಗಾಗ ಮಾಡುವಂಥದೇ ದುರಸ್ತಿ. ಆ ಹೊತ್ತಿನಲ್ಲಿ ಜಾಲಕೇಂದ್ರಕ್ಕೂ ಮುಖ್ಯ ಡೇಟಾ ಸೆಂಟರಿಗೂ ನಡುವಿನ ಸಂಪರ್ಕ ತಪ್ಪಿತು. 43 ಸೆಕೆಂಡಿನಲ್ಲಿ ಮರಳಿ ಬಂತು. ಭಾರತದಲ್ಲಿ ಆಗ ಮರುದಿನ ಬೆಳಗಿನ ಜಾವ 4 ಗಂಟೆ 22 ನಿಮಿಷ. ಆ 43 ಸೆಕೆಂಡಿನ ಪರಿಣಾಮವನ್ನು ಸರಿಪಡಿಸಲು ಹಿಡಿದದ್ದು 24 ಗಂಟೆ 11 ನಿಮಿಷ.

ಯಾವ ಯಂತ್ರವೂ ಸುಟ್ಟಿರಲಿಲ್ಲ, ಯಾವ ಡಿಸ್ಕೂ ಕೆಟ್ಟಿರಲಿಲ್ಲ. ಡೇಟಾಬೇಸುಗಳ ಮೇಲೆ ಕಣ್ಣಿಟ್ಟಿದ್ದ ಆರ್ಕೆಸ್ಟ್ರೇಟರ್ ಎಂಬ ತಂತ್ರಾಂಶಕ್ಕೆ ಪೂರ್ವದ ಪ್ರಧಾನ ಡೇಟಾಬೇಸ್ ಸಿಗಲಿಲ್ಲ. ಬೇರೆ ಕಡೆಗಳಲ್ಲಿದ್ದ ತನ್ನ ಸಂಗಾತಿಗಳ ಬಹುಮತ ಪಡೆದು ಅದು ಪಶ್ಚಿಮ ಕರಾವಳಿಯ ಬದಲಿ ಡೇಟಾಬೇಸಿಗೆ ಪಟ್ಟ ಕಟ್ಟಿತು. ಹಾಗೆ ಮಾಡಬೇಕೆಂದೇ ಅದಕ್ಕೆ ಹೇಳಿಕೊಟ್ಟಿದ್ದರು. ಆದರೆ ಪೂರ್ವದ್ದು ಸತ್ತಿರಲಿಲ್ಲ. ಸಂಪರ್ಕ ಕಡಿದ ಆ ಅಲ್ಪಾವಧಿಯಲ್ಲಿ ಅದೂ ಕೆಲವು ಬರಹಗಳನ್ನು ದಾಖಲಿಸಿಕೊಂಡಿತ್ತು. ಅವು ಪಶ್ಚಿಮಕ್ಕೆ ತಲುಪಿರಲಿಲ್ಲ. ಇತ್ತ ಪಶ್ಚಿಮದ್ದು ಹೊಸ ಬರಹಗಳನ್ನು ಸ್ವೀಕರಿಸತೊಡಗಿತ್ತು, ಅವು ಪೂರ್ವದಲ್ಲಿರಲಿಲ್ಲ. ಹಿಂದಿರುಗೋಣವೆಂದರೆ ಅಷ್ಟರಲ್ಲಿ ಪಶ್ಚಿಮದಲ್ಲಿ ಸುಮಾರು 40 ನಿಮಿಷಗಳ ದಾಖಲೆ ಸೇರಿಬಿಟ್ಟಿತ್ತು. ಸಂಸ್ಥೆಯ ಹೆಚ್ಚು ಒತ್ತಡದ ಡೇಟಾಬೇಸ್ ಗುಂಪುಗಳಲ್ಲಿ, ಅಂದರೆ ಕ್ಲಸ್ಟರುಗಳಲ್ಲಿ, ಒಂದರಲ್ಲಿ ಹೀಗೆ ಅತಂತ್ರವಾಗಿ ಉಳಿದ ಬರಹಗಳು 954. ಇಂಥ ಬರಹಗಳನ್ನು ಕಳೆದುಕೊಳ್ಳಬಾರದು, ವೇಗಕ್ಕಿಂತ ಮಾಹಿತಿಯ ಸಾಚಾತನ ದೊಡ್ಡದು ಎಂದು ಸಂಸ್ಥೆ ತೀರ್ಮಾನಿಸಿತು. ಅದಕ್ಕಾಗಿ ಇಡೀ ಒಂದು ದಿನ ಕುಂಟುತ್ತ ನಡೆಯಿತು.

ಬ್ಯಾಂಕಿನ ಆ್ಯಪ್, ರೈಲ್ವೆ ಟಿಕೆಟ್ಟಿನ ತಾಣ, ಸರ್ಕಾರಿ ಪೋರ್ಟಲ್ ಎಂದೂ ನಿಲ್ಲಬಾರದು ಎಂದು ಬಯಸುವ ಕಾಲ ಇದು. ನಿಂತಾಗ ನಮ್ಮ ಮೊದಲ ಪ್ರಶ್ನೆ, ‘ಇನ್ನೊಂದು ಸರ್ವರ್ ಇಟ್ಟುಕೊಂಡಿರಲಿಲ್ಲವೇ?’ ಬಹುಪಾಲು ಸಂದರ್ಭಗಳಲ್ಲಿ ಇಟ್ಟುಕೊಂಡೇ ಇರುತ್ತಾರೆ. ಎರಡನೆಯ ಯಂತ್ರ ಕೊಳ್ಳುವುದು ಹಣದ ಪ್ರಶ್ನೆ. ಟೆಂಡರ್ ಕರೆದರೆ ಬಗೆಹರಿಯುತ್ತದೆ. ಮೊದಲನೆಯದು ಸತ್ತಿದೆ ಎಂದು ಯಾರು ಹೇಳಬೇಕು, ಯಾವ ಸಾಕ್ಷ್ಯದ ಮೇಲೆ ಹೇಳಬೇಕು, ಹೇಳಿದ್ದು ತಪ್ಪಾದರೆ ಏನು ಮಾಡಬೇಕು ಎಂಬುದು ಹಣದಿಂದ ಬಗೆಹರಿಯುವುದಿಲ್ಲ. ಫೇಲ್‌ಓವರ್ ಎಂದರೆ ಬದಲಿ ವ್ಯವಸ್ಥೆಗಿಂತ ಹೆಚ್ಚಾಗಿ ಒಂದು ತೀರ್ಪಿನ ವ್ಯವಸ್ಥೆ. ಆ ತೀರ್ಪಿನ ಅಧಿಕಾರವನ್ನು ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ಯಂತ್ರಕ್ಕೆ ಕೊಡುವುದೂ ತಪ್ಪು, ಎಲ್ಲ ಕಡೆಯೂ ಮನುಷ್ಯನ ಕೈಯಲ್ಲೇ ಇಟ್ಟುಕೊಳ್ಳುವುದೂ ತಪ್ಪು ಎಂಬುದು ನನ್ನ ವಾದ.

ತೀರಾ ಸರಳವಾದ ಏರ್ಪಾಟಿನಿಂದ ಶುರುಮಾಡೋಣ. ಒಂದು ಜಾಲತಾಣದ ಮುಂದೆ ಬಂದ ಕೋರಿಕೆಗಳನ್ನು ಹಂಚುವ ಎರಡು ಲೋಡ್ ಬ್ಯಾಲೆನ್ಸರುಗಳು, ಅವುಗಳ ಹಿಂದೆ ನಾಲ್ಕಾರು ವೆಬ್ ಸರ್ವರುಗಳು. ಜನ ತಲುಪುವ ಐಪಿ ವಿಳಾಸ ಒಂದೇ. ಆ ವಿಳಾಸ ಯಾವ ಯಂತ್ರಕ್ಕೂ ಕಾಯಂ ಸೇರಿದ್ದಲ್ಲ. ಸದ್ಯಕ್ಕೆ ಯಾರು ಪ್ರಧಾನರೋ ಅವರದು. ಲಿನಕ್ಸ್ ಬಳಸುವವರು ಇದಕ್ಕೆ ಸಾಮಾನ್ಯವಾಗಿ ಕೀಪ್‌ಅಲೈವ್‌ಡಿ ಎಂಬ ತಂತ್ರಾಂಶ ಹಾಕುತ್ತಾರೆ. ಅದು ಅನುಸರಿಸುವ ವಿಆರ್‌ಆರ್‌ಪಿ ಎಂಬ ನಿಯಮಾವಳಿ 1998ರಿಂದ ಬಳಕೆಯಲ್ಲಿದೆ. ಪ್ರಧಾನ ಯಂತ್ರ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಜಾಲದಲ್ಲಿ ಸಾರುತ್ತಿರುತ್ತದೆ. ಬದಲಿ ಯಂತ್ರ ಸುಮ್ಮನೆ ಕೇಳಿಸಿಕೊಳ್ಳುತ್ತಿರುತ್ತದೆ. ಮೂರು ಸಾರಿಯ ಹೊತ್ತು ದಾಟಿ ಇನ್ನೂ ಒಂದಿಷ್ಟು ಕ್ಷಣ ಸದ್ದಿಲ್ಲದಿದ್ದರೆ ಬದಲಿ ಎದ್ದು ನಿಲ್ಲುತ್ತದೆ. ಆ ‘ಒಂದಿಷ್ಟು’ ಎಷ್ಟೆಂಬುದು ಅದರ ಆದ್ಯತೆಯ ಅಂಕಿಯನ್ನು ಅವಲಂಬಿಸಿದೆ. ಅಂಕಿ 100 ಇದ್ದರೆ ಒಟ್ಟು ಸುಮಾರು 3.6 ಸೆಕೆಂಡು. ಎದ್ದ ಕೂಡಲೇ ‘ಈ ವಿಳಾಸ ಇನ್ನು ನನ್ನದು’ ಎಂದು ಎಆರ್‌ಪಿ ಮೂಲಕ ಸುತ್ತಲಿನ ಸ್ವಿಚ್ಚು, ರೂಟರುಗಳಿಗೆ ಸಾರುತ್ತದೆ. ಪುಟ ನೋಡುತ್ತಿದ್ದವನಿಗೆ ಒಂದು ಸಣ್ಣ ತಡವರಿಕೆ ಗೊತ್ತಾದರೆ ಗೊತ್ತಾಯಿತು, ಇಲ್ಲದಿದ್ದರೆ ಅದೂ ಇಲ್ಲ.

ಹತ್ತಿಪ್ಪತ್ತು ಸಾಲಿನ ಕಾನ್ಫಿಗರೇಶನ್. ಆದರೆ ಒಂದೊಂದು ಸಾಲಿನಲ್ಲೂ ಒಂದು ತೀರ್ಮಾನ ಅಡಗಿದೆ. ಪ್ರಧಾನ ಯಂತ್ರ ‘ನಾನಿದ್ದೇನೆ’ ಎನ್ನುತ್ತಲೇ ಇದ್ದು, ಅದರೊಳಗಿನ ಲೋಡ್ ಬ್ಯಾಲೆನ್ಸರ್ ಮಾತ್ರ ನಿಂತಿದ್ದರೆ? ಅದಕ್ಕೊಂದು ಪರೀಕ್ಷಾ ಸ್ಕ್ರಿಪ್ಟ್ ಬರೆಯಬೇಕು. ಅನೇಕರು ಬರೆಯುವ ಸ್ಕ್ರಿಪ್ಟ್ ನೋಡುವುದು ಆ ಹೆಸರಿನ ಪ್ರೋಸೆಸ್ ಇದೆಯೇ ಎಂಬುದನ್ನಷ್ಟೇ. ಪ್ರೋಸೆಸ್ ಇದ್ದೂ ಒಂದು ಪುಟವನ್ನೂ ಕೊಡದ ಸ್ಥಿತಿ ಸಾಧ್ಯ. ಸರಿ, ಮುಖಪುಟ ಬರುತ್ತದೆಯೇ ಎಂದು ನೋಡೋಣವೆಂದರೆ, ಮುಖಪುಟ ಕ್ಯಾಶ್‌ನಿಂದ ಬಂದು ಒಳಗಿನ ಲಾಗಿನ್ ಕೆಟ್ಟಿರಬಹುದು. ಡೇಟಾಬೇಸಿನವರೆಗೂ ಹೋಗಿ ಬರುವ ಪರೀಕ್ಷೆ ಇಡೋಣವೆಂದರೆ, ಡೇಟಾಬೇಸ್ ಒಂದು ಕ್ಷಣ ತಡವರಿಸಿದಾಗ ಅಷ್ಟೂ ವೆಬ್ ಸರ್ವರುಗಳು ಒಟ್ಟಿಗೇ ‘ಸತ್ತ’ ಪಟ್ಟಿಗೆ ಸೇರುತ್ತವೆ. ಅವುಗಳಲ್ಲಿ ಒಂದಕ್ಕೂ ಏನೂ ಆಗಿರುವುದಿಲ್ಲ. ಪರೀಕ್ಷೆಯ ಆಳ ಕಡಿಮೆಯಾದರೆ ಸತ್ತದ್ದು ಬದುಕಿದಂತೆ ತೋರುತ್ತದೆ, ಹೆಚ್ಚಾದರೆ ಬದುಕಿದ್ದು ಸತ್ತಂತೆ. ಹೆಲ್ತ್ ಚೆಕ್ ಎಂಬ ಈ ಪರೀಕ್ಷೆಯನ್ನು ಕೊನೆಯಲ್ಲಿ ಸೇರಿಸುವ ಸಣ್ಣ ವಿವರವೆಂದು ನೋಡುವವರು ಇದನ್ನು ಗಮನಿಸಬೇಕು. ಇಡೀ ಕ್ಲಸ್ಟರಿನ ನಡತೆ ನಿಂತಿರುವುದು ಆ ಒಂದು ಪ್ರಶ್ನೆಯನ್ನು ಹೇಗೆ ಕೇಳುತ್ತೇವೆ ಎಂಬುದರ ಮೇಲೆ.

ಇದರ ಹಿಂದೆ ಇನ್ನೂ ಆಳವಾದ ತೊಡಕಿದೆ. ದೂರದ ಯಂತ್ರದಿಂದ ಉತ್ತರ ಬರಲಿಲ್ಲವೆಂದರೆ ಅದು ಸತ್ತಿರಬಹುದು, ನಿಧಾನವಾಗಿರಬಹುದು, ನಡುವಿನ ದಾರಿ ಕೆಟ್ಟಿರಬಹುದು, ಕೇಳಿದವನ ಕಿವಿಯೇ ಕೆಟ್ಟಿರಬಹುದು. ನಾಲ್ಕೂ ಕೇಳುವವನಿಗೆ ಒಂದೇ ಥರ ಕಾಣುತ್ತವೆ: ಮೌನ. 1985ರಲ್ಲಿ ಫಿಶರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ಒಂದು ಗಣಿತ ಪ್ರಮೇಯವನ್ನು ಸಾಧಿಸಿ ತೋರಿಸಿದರು. ಸಂದೇಶ ತಲುಪಲು ಗರಿಷ್ಠ ಇಷ್ಟೇ ಹೊತ್ತು ಎಂಬ ಖಾತ್ರಿಯಿಲ್ಲದ ಜಾಲದಲ್ಲಿ, ಒಂದೇ ಒಂದು ಯಂತ್ರ ನಿಲ್ಲುವ ಸಾಧ್ಯತೆಯಿದ್ದರೂ ಉಳಿದವು ಖಂಡಿತವಾಗಿ ಒಮ್ಮತಕ್ಕೆ ಬಂದೇ ಬರುತ್ತವೆ ಎಂದು ಭರವಸೆ ಕೊಡುವ ವಿಧಾನ ಇರಲಾರದು ಎಂಬುದು ಅದರ ಸಾರ. ಸತ್ತವನನ್ನೂ ನಿಧಾನದವನನ್ನೂ ದೂರದಿಂದ ಬೇರೆ ಮಾಡಿ ಹೇಳಲಾಗದು ಎಂಬುದೇ ಆ ತೊಡಕಿನ ಬೇರು. ನಾವು ಹಾಕುವ ಟೈಮ್‌ಔಟ್ ಎಂಬುದು ಹಾಗಾದರೆ ಜ್ಞಾನವಲ್ಲ, ಊಹೆ. 3.6 ಸೆಕೆಂಡೆಂದರೆ ‘ಇಷ್ಟು ಹೊತ್ತು ಸದ್ದಿಲ್ಲದಿದ್ದರೆ ಸತ್ತಿದೆ ಎಂದು ಇಟ್ಟುಕೊಳ್ಳೋಣ’ ಎಂಬ ಒಪ್ಪಂದ ಅಷ್ಟೆ. ಅದನ್ನು ಕಡಿಮೆ ಮಾಡಿದಷ್ಟೂ ಸುಳ್ಳು ಸಾವುಗಳು ಹೆಚ್ಚುತ್ತವೆ. ಹೆಚ್ಚಿಸಿದಷ್ಟೂ ನಿಜವಾದ ಸಾವು ತಡವಾಗಿ ತಿಳಿಯುತ್ತದೆ.

ಸುಳ್ಳು ಸಾವು ಹೆಚ್ಚಾಗಿ ಬರುವುದು ಅತಿ ಒತ್ತಡದ ದಿನಗಳಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆಳಿಗ್ಗೆ ಲಕ್ಷಗಟ್ಟಲೆ ಮಕ್ಕಳು ಒಂದೇ ಗಳಿಗೆಯಲ್ಲಿ ನೋಂದಣಿ ಸಂಖ್ಯೆ ಒತ್ತುತ್ತಾರೆಂದು ಇಟ್ಟುಕೊಳ್ಳಿ. ನಾಲ್ಕು ಸರ್ವರುಗಳೂ ಏದುಸಿರು ಬಿಡುತ್ತಿವೆ. ಅವುಗಳಲ್ಲೊಂದು ಹೆಲ್ತ್ ಚೆಕ್ಕಿಗೆ ಸಕಾಲಕ್ಕೆ ಉತ್ತರ ಕೊಡಲಿಲ್ಲ. ಹೆಚ್‌ಎ ಪ್ರಾಕ್ಸಿ ಎಂಬ ಜನಪ್ರಿಯ ಲೋಡ್ ಬ್ಯಾಲೆನ್ಸರ್, ಬೇರೆ ಸೂಚನೆ ಕೊಡದಿದ್ದರೆ, ಎರಡು ಸೆಕೆಂಡಿಗೊಮ್ಮೆ ವಿಚಾರಿಸಿ ಮೂರು ಸಲ ಸತತ ಸೋತ ಸರ್ವರನ್ನು ಪಟ್ಟಿಯಿಂದ ತೆಗೆಯುತ್ತದೆ. ಅದರ ಪಾಲಿನ ಭಾರ ಉಳಿದ ಮೂರರ ಮೇಲೆ ಬಿತ್ತು. ಅವು ಇನ್ನೂ ನಿಧಾನವಾದವು. ಎರಡನೆಯದು ಬಿತ್ತು, ಮೂರನೆಯದು, ನಾಲ್ಕನೆಯದು. ನಿಧಾನವಾಗಿಯಾದರೂ ಸಿಗುತ್ತಿದ್ದ ಸೇವೆ ಪೂರ್ತಿ ನಿಂತಿತು. ನಿಲ್ಲಿಸಿದ್ದು ನಿಲ್ಲಬಾರದೆಂದು ಹಾಕಿದ ಏರ್ಪಾಟೇ. ಎರಡು ಯಂತ್ರಗಳನ್ನು ತಲಾ ಶೇಕಡ 70ರ ಭಾರದಲ್ಲಿ ಓಡಿಸುತ್ತ ‘ನಮ್ಮಲ್ಲಿ ಬದಲಿ ಇದೆ’ ಎನ್ನುವವರ ಸ್ಥಿತಿಯೂ ಇದೇ. ಒಂದು ಬಿದ್ದ ಗಳಿಗೆ ಇನ್ನೊಂದರ ತಲೆಯ ಮೇಲೆ ಶೇಕಡ 140ರ ಭಾರ. ಅಲ್ಲಿ ಇರುವುದು ಎರಡು ಸರ್ವರುಗಳಲ್ಲ, ಎರಡು ತುಂಡಾದ ಒಂದೇ ಸರ್ವರ್.

ಇದು ಊಹೆಯ ಮಾತಲ್ಲ. 2012ರ ಸೆಪ್ಟೆಂಬರಿನಲ್ಲಿ ಇದೇ ಗಿಟ್‌ಹಬ್‌ನಲ್ಲಿ ಡೇಟಾಬೇಸಿನ ರಚನೆ ಬದಲಿಸುವ ಕೆಲಸದಿಂದ ಭಾರ ಏರಿ, ಪ್ರಧಾನ ಡೇಟಾಬೇಸ್ ಹೆಲ್ತ್ ಚೆಕ್ಕಿನಲ್ಲಿ ಸೋತಿತು. ಸ್ವಯಂಚಾಲಿತ ವ್ಯವಸ್ಥೆ ಬದಲಿಗೆ ಪಟ್ಟ ಕಟ್ಟಿತು. ಬದಲಿಯ ಮೆಮೊರಿಯಲ್ಲಿ ಬೇಕಾದ ಮಾಹಿತಿ ಇನ್ನೂ ತುಂಬಿರಲಿಲ್ಲ. ಪ್ರತಿಯೊಂದಕ್ಕೂ ಡಿಸ್ಕಿಗೆ ಹೋಗಬೇಕಾಗಿ ಅದು ಮೊದಲನೆಯದಕ್ಕಿಂತ ನಿಧಾನವಾಯಿತು. ಅದೂ ಪರೀಕ್ಷೆಯಲ್ಲಿ ಸೋತಿತು. ಮನುಷ್ಯನೊಬ್ಬ ನೋಡುತ್ತಿದ್ದರೆ ಆಡುವ ಮಾತು, ‘ಇದು ಸತ್ತಿಲ್ಲ, ಸುಸ್ತಾಗಿದೆ, ಸ್ವಲ್ಪ ಬಿಡಿ’. ಯಂತ್ರಕ್ಕೆ ಆ ಎರಡರ ವ್ಯತ್ಯಾಸ ಕೇಳುವಂತೆ ಯಾರೂ ಹೇಳಿಕೊಟ್ಟಿರಲಿಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಕಾಲ ಮಾಯವಾದದ್ದು ಅನೇಕರಿಗೆ ನೆನಪಿರಬಹುದು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಡೇಟಾ ಸೆಂಟರುಗಳನ್ನು ಜೋಡಿಸುವ ಬೆನ್ನೆಲುಬಿನ ಜಾಲ ಕಡಿದುಹೋಯಿತು. ಸಂಸ್ಥೆಯ ಡಿಎನ್‌ಎಸ್ ಸರ್ವರುಗಳಿಗೆ ಒಂದು ನಿಯಮವಿತ್ತು: ಡೇಟಾ ಸೆಂಟರಿನೊಂದಿಗೆ ಮಾತಾಡಲಾಗದಿದ್ದರೆ ತಾನೇ ಅಸ್ವಸ್ಥನೆಂದು ತಿಳಿದು ಇಂಟರ್ನೆಟ್ಟಿನಿಂದ ಹಿಂದೆ ಸರಿಯಬೇಕು. ಒಂದೆರಡು ಸರ್ವರುಗಳ ಮಟ್ಟಿಗೆ ಇದು ಬುದ್ಧಿವಂತ ನಿಯಮ. ಅಂದು ಎಲ್ಲವೂ ಒಟ್ಟಿಗೇ ಆ ನಿಯಮ ಪಾಲಿಸಿದವು. ಎಲ್ಲವೂ ಹಿಂದೆ ಸರಿದ ಮೇಲೆ ಜಗತ್ತಿಗೆ ಆ ಹೆಸರುಗಳ ವಿಳಾಸ ಹೇಳುವವರೇ ಉಳಿಯಲಿಲ್ಲ.

ಇಂಥವುಗಳಿಂದ ಕಲಿತ ಒಂದು ಪಾಠ ಈಗ ಕೆಲವು ತಂತ್ರಾಂಶಗಳೊಳಗೇ ಸೇರಿದೆ. ಎನ್‌ವಾಯ್ ಎಂಬ ಪ್ರಾಕ್ಸಿಯಲ್ಲಿ, ಬೇರೆ ಸೂಚನೆ ಇಲ್ಲದಿದ್ದರೆ, ಆರೋಗ್ಯವಂತ ಸರ್ವರುಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಾಗ ಅದು ಹೆಲ್ತ್ ಚೆಕ್ಕಿನ ಮಾತನ್ನೇ ಬದಿಗಿಟ್ಟು ಎಲ್ಲ ಸರ್ವರುಗಳಿಗೂ ಕೆಲಸ ಹಂಚುತ್ತದೆ. ಒಂದು ಯಂತ್ರ ಸತ್ತಿದೆ ಎಂಬ ವರದಿ ನಂಬಬಹುದಾದದ್ದು; ಎಲ್ಲವೂ ಒಟ್ಟಿಗೆ ಸತ್ತಿವೆ ಎಂಬ ವರದಿ ಬಂದರೆ ಮೊದಲು ವರದಿಗಾರನನ್ನು ಅನುಮಾನಿಸಬೇಕು. ತೀರ್ಪುಗಾರನಿಗೂ ಒಂದು ಮಿತಿ ಹಾಕಿದ ಈ ಸಣ್ಣ ನಿಯಮ ನನಗೆ ಇಡೀ ಕ್ಷೇತ್ರದ ಅತ್ಯಂತ ವಿವೇಕದ ಸಾಲುಗಳಲ್ಲೊಂದು ಎನಿಸುತ್ತದೆ.

ಇಲ್ಲಿಯವರೆಗೆ ಹೇಳಿದ ವೆಬ್ ಸರ್ವರುಗಳ ತಪ್ಪು ತೀರ್ಪಿಗೆ ಒಂದು ಸಮಾಧಾನವಿದೆ: ಹಿಂತೆಗೆದುಕೊಳ್ಳಬಹುದು. ಅವು ತಮ್ಮಲ್ಲಿ ಏನನ್ನೂ ಉಳಿಸಿಕೊಳ್ಳುವುದಿಲ್ಲ, ಅಥವಾ ಉಳಿಸಿಕೊಳ್ಳದಂತೆ ಕಟ್ಟಬಹುದು. ಲಾಗಿನ್ ಆದವರ ಸೆಷನ್ನನ್ನು ಸರ್ವರಿನ ಒಳಗಿಡದೆ ಹೊರಗಿನ ಹಂಚಿಕೆಯ ಸಂಗ್ರಹದಲ್ಲಿಟ್ಟರೆ, ಬದುಕಿದ್ದ ಸರ್ವರನ್ನು ಸತ್ತಿತೆಂದು ತೆಗೆದರೂ ಹತ್ತು ಸೆಕೆಂಡಿನ ನಂತರ ಮತ್ತೆ ಸೇರಿಸಿಕೊಳ್ಳಬಹುದು. ಡೇಟಾಬೇಸಿನ ಕಥೆ ಹಾಗಲ್ಲ. ಕಾಶಿಗೆ ಹೋದ ಯಜಮಾನ ವರ್ಷಗಟ್ಟಲೆ ಬರಲಿಲ್ಲವೆಂದು ಮಗ ಮನೆಯ ಲೆಕ್ಕದ ಪುಸ್ತಕ ಕೈಗೆತ್ತಿಕೊಂಡ; ಅತ್ತ ಯಜಮಾನ ಬದುಕಿದ್ದು, ಹೋದಲ್ಲೆಲ್ಲ ಅದೇ ಮನೆಯ ಹೆಸರಿನಲ್ಲಿ ಸಾಲಪತ್ರಕ್ಕೆ ರುಜು ಹಾಕುತ್ತಲೇ ಇದ್ದ. ಅವನು ಮರಳಿ ಬಂದು ಬಾಗಿಲಲ್ಲಿ ನಿಂತಾಗ ಎದುರಾಗುವುದು ಯಾರು ಯಜಮಾನ ಎಂಬ ಪ್ರಶ್ನೆಯಷ್ಟೇ ಅಲ್ಲ. ಯಾವ ರುಜು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು. ತಂತ್ರಜ್ಞರು ಸ್ಪ್ಲಿಟ್ ಬ್ರೇನ್ ಎನ್ನುವುದು ಇದನ್ನೇ.

ಇದನ್ನು ತಡೆಯಲು ಎರಡು ಕಟ್ಟುಪಾಡುಗಳಿವೆ. ಮೊದಲನೆಯದು ಕೋರಂ. ಇಬ್ಬರೇ ಇದ್ದಲ್ಲಿ ಸಂಪರ್ಕ ತಪ್ಪಿದರೆ ಒಬ್ಬೊಬ್ಬರೂ ಇನ್ನೊಬ್ಬ ಸತ್ತನೆಂದೇ ತಿಳಿಯುತ್ತಾರೆ. ಮೂರನೆಯವನೊಬ್ಬ ಸಾಕ್ಷಿ ಇದ್ದರೆ ಬಹುಮತ ಎಲ್ಲಿದೆಯೋ ಅಲ್ಲಿಗೆ ಅಧಿಕಾರ, ಒಂಟಿಯಾಗಿ ಉಳಿದವನು ಸುಮ್ಮನಾಗಬೇಕು. ಮೂರು ಅಥವಾ ಐದು ಯಂತ್ರ ಎಂಬ ಬೆಸ ಸಂಖ್ಯೆಯ ಸಲಹೆಯ ಹಿಂದಿನ ಕಾರಣ ಇದು. ಆ ಸಾಕ್ಷಿ ಮೂರನೆಯ ಜಾಗದಲ್ಲೇ ಇರಬೇಕು. ಇಬ್ಬರಲ್ಲೊಬ್ಬನ ಪಕ್ಕದ ರ‍್ಯಾಕಿನಲ್ಲಿ ಕೂತ ಸಾಕ್ಷಿ ಅವನ ಜೊತೆಯೇ ಮುಳುಗುತ್ತಾನೆ. ಎರಡನೆಯ ಕಟ್ಟುಪಾಡು ಫೆನ್ಸಿಂಗ್: ಅಧಿಕಾರ ತೆಗೆದುಕೊಳ್ಳುವ ಮುನ್ನ ಹಳೆಯ ಯಂತ್ರದ ವಿದ್ಯುತ್ತನ್ನೇ ಕಡಿಯುವುದು. ಸತ್ತಿದೆಯೋ ಇಲ್ಲವೋ ತಿಳಿಯದಿದ್ದರೆ, ಸತ್ತಿರುವುದನ್ನು ಖಚಿತಪಡಿಸುವ ಏಕೈಕ ದಾರಿ ಸಾಯಿಸುವುದು. ಕೇಳಲು ಕ್ರೂರ, ತರ್ಕಕ್ಕೆ ಸರಿ.

ಆದರೆ ಫೆನ್ಸಿಂಗಿನ ಆದೇಶವೂ ಯಾವುದೋ ದಾರಿಯಲ್ಲಿ ತಲುಪಬೇಕಲ್ಲ. 2012ರ ಡಿಸೆಂಬರ್ 22ರಂದು ಗಿಟ್‌ಹಬ್‌ನ ಸ್ವಿಚ್ಚುಗಳ ಉನ್ನತೀಕರಣದ ವೇಳೆ ಜಾಲ ಒಂದೂವರೆ ನಿಮಿಷದಷ್ಟು ಹೊತ್ತು ಸ್ತಬ್ಧವಾಯಿತು. ಬೇರೆ ಬೇರೆ ರ‍್ಯಾಕಿನಲ್ಲಿದ್ದ ಫೈಲ್ ಸರ್ವರುಗಳ ಜೋಡಿಗಳಲ್ಲಿ ಒಂದಕ್ಕೊಂದರ ಮಿಡಿತ ಕೇಳದಾಯಿತು. ಒಂದು ಇನ್ನೊಂದನ್ನು ಕೊಲ್ಲುವ ಆದೇಶ ಹೊರಡಿಸಿತು. ಜಾಲವೇ ಕೆಟ್ಟಿದ್ದರಿಂದ ಕೆಲವು ಆದೇಶಗಳು ತಲುಪಲಿಲ್ಲ. ಜಾಲ ಚೇತರಿಸಿಕೊಂಡಾಗ ಹಲವು ಜೋಡಿಗಳಲ್ಲಿ ಎರಡೂ ತಾನೇ ಪ್ರಧಾನ ಎಂದು ತಿಳಿದಿದ್ದವು, ಮತ್ತು ಪರಸ್ಪರ ಕೊಂದುಕೊಂಡವು. ರಕ್ಷಣೆಗೆಂದು ಜೋಡಿಯಾಗಿಟ್ಟ ಯಂತ್ರಗಳಲ್ಲಿ ಎರಡೂ ನೆಲಕಚ್ಚಿದವು.

ಇಲ್ಲಿ ಒಂದು ಲೆಕ್ಕವನ್ನು ತಿದ್ದಬೇಕು. ಒಂದು ಸರ್ವರ್ ನೂರರಲ್ಲಿ 99 ಪಾಲು ಸಮಯ ಸರಿಯಿದ್ದರೆ, ಅಂಥ ಎರಡು ಸೇರಿದಾಗ ಎರಡೂ ಒಟ್ಟಿಗೆ ಕೆಡುವ ಸಂಭವ ನೂರರಲ್ಲಿ ಒಂದರ ನೂರನೇ ಒಂದು, ಆದ್ದರಿಂದ 99.99 ಸಿಗುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ವರ್ಷಕ್ಕೆ ಮೂರೂವರೆ ದಿನದ ನಿಲುಗಡೆ 52 ನಿಮಿಷಕ್ಕೆ ಇಳಿದಂತೆ. ಎರಡೂ ಸ್ವತಂತ್ರವಾಗಿ ಕೆಡುತ್ತವೆ ಎಂಬ ಷರತ್ತಿನ ಮೇಲೆ ಮಾತ್ರ ಈ ಗುಣಾಕಾರ ನಿಲ್ಲುತ್ತದೆ. 1996ರ ಜೂನ್ 4ರಂದು ಹಾರಿದ ಏರಿಯಾನ್ 5 ರಾಕೆಟ್ಟಿನಲ್ಲಿ ದಿಕ್ಕು ತಿಳಿಸುವ ಘಟಕಗಳು ಎರಡಿದ್ದವು, ಒಂದಕ್ಕೊಂದು ಬದಲಿಯಾಗಿ. ಎರಡರಲ್ಲೂ ಒಂದೇ ತಂತ್ರಾಂಶ. 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿಗೆ ತುರುಕಲು ಹೋಗಿ ಬದಲಿ ಮೊದಲು ನಿಂತಿತು. ಸಾವಿರದಲ್ಲಿ 72 ಪಾಲಿನಷ್ಟು ಸೆಕೆಂಡು ಕಳೆದ ಮೇಲೆ ಅದೇ ಕಾರಣಕ್ಕೆ ಪ್ರಧಾನವೂ ನಿಂತಿತು. ಹಾರಿ ಒಂದು ನಿಮಿಷವೂ ಆಗುವ ಮುನ್ನ ರಾಕೆಟ್ ಚೂರಾಯಿತು. ಒಂದೇ ಆವೃತ್ತಿಯ ತಂತ್ರಾಂಶ, ಒಂದೇ ಕಾನ್ಫಿಗರೇಶನ್, ಒಂದೇ ದಿನ ಮುಗಿಯುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಇರುವ ನಮ್ಮ ಎರಡು ವೆಬ್ ಸರ್ವರುಗಳ ಸ್ವಾತಂತ್ರ್ಯವೂ ಅಷ್ಟರದೇ.

2025ರ ಅಕ್ಟೋಬರ್ 20ರಂದು ಅಮೆಜಾನ್‌ನ ವರ್ಜೀನಿಯಾ ವಲಯದಲ್ಲಿ ಆದದ್ದು ಇನ್ನೂ ವಿಚಿತ್ರ. ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆಯ ವಿಳಾಸಗಳನ್ನು ನವೀಕರಿಸುವ ಸ್ವಯಂಚಾಲಿತ ಕೆಲಸಗಾರರನ್ನು, ಒಬ್ಬ ನಿಂತರೆ ಇನ್ನೊಬ್ಬನಿರಲೆಂದು, ಬೇರೆ ಬೇರೆ ಕಟ್ಟಡ ಸಮೂಹಗಳಲ್ಲಿ ಓಡಿಸುತ್ತಿದ್ದರು. ಒಬ್ಬ ತಡವಾಗಿ ವಿಳಾಸಗಳ ಹಳೆಯ ಯೋಜನೆಯನ್ನು ಹೊಸದರ ಮೇಲೆ ಬರೆದ. ಇನ್ನೊಬ್ಬ ಹಳೆಯದನ್ನು ಗುಡಿಸುವ ಕೆಲಸದಲ್ಲಿ ಅದನ್ನು ಅಳಿಸಿದ. ವಿಳಾಸದ ದಾಖಲೆ ಖಾಲಿಯಾಯಿತು. ಕೆಡಿಸಿದ್ದು ಬದಲಿಯಿಲ್ಲದಿರುವಿಕೆಯಲ್ಲ, ಬದಲಿಗಳ ನಡುವಿನ ತಾಳತಪ್ಪು. ಅದರ ಮುಂದುವರಿಕೆಯಾಗಿ ಹೊಸ ವರ್ಚುವಲ್ ಯಂತ್ರಗಳನ್ನು ಎಬ್ಬಿಸುವುದೂ ಬಹಳ ಹೊತ್ತು ಕಷ್ಟವಾಯಿತು. ‘ಬೇಕಾದಾಗ ಕ್ಲೌಡಿನಲ್ಲಿ ಒಂದು ಸರ್ವರ್ ಎಬ್ಬಿಸಿಕೊಂಡರಾಯಿತು’ ಎಂದು ಅದೇ ವಲಯವನ್ನು ನಂಬಿದ್ದವರಿಗೆ, ಬೇಕಾದ ಗಳಿಗೆಯೇ ಅದು ಸಿಗದ ಗಳಿಗೆಯಾಯಿತು. ಆಗಲೇ ಎದ್ದು ಓಡುತ್ತಿರುವ ಬದಲಿಯೊಂದೇ ಬದಲಿ. ಎಬ್ಬಿಸಬೇಕಾದದ್ದು ಬರೀ ಆಶ್ವಾಸನೆ.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬ ಓದುಗ ಸಹಜವಾಗಿ ಕೇಳಬಹುದು: ಯಂತ್ರದ ತೀರ್ಪು ಇಷ್ಟು ಅಪಾಯದ್ದಾದರೆ ಮನುಷ್ಯನಿಗೇ ಬಿಡಬಾರದೇಕೆ? ಬಿಟ್ಟು ನೋಡಿದ್ದೂ ಇದೆ. 2021ರ ಫೆಬ್ರುವರಿ 24ರಂದು ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಿಗ್ಗೆ 11.40ರ ಸುಮಾರಿಗೆ ವಹಿವಾಟು ನಿಂತಿತು. ಎರಡು ಬೇರೆ ಬೇರೆ ಟೆಲಿಕಾಂ ಕಂಪನಿಗಳಿಂದ ಪಡೆದಿದ್ದ ಸಂಪರ್ಕಗಳಲ್ಲೂ ಅಂದು ತೊಂದರೆಯಾಗಿತ್ತು. ಅದರ ಬೆನ್ನಿಗೇ ಶೇಖರಣಾ ವ್ಯವಸ್ಥೆ ಕೈಗೆ ಸಿಗದಾಗಿ, ಅಪಾಯ ನಿಯಂತ್ರಣದ ಲೆಕ್ಕ ನಡೆಯದೆ, ವ್ಯಾಪಾರ ಮುಂದುವರಿಸುವಂತಿರಲಿಲ್ಲ. ಚೆನ್ನೈಯಲ್ಲಿ ಬದಲಿ ಕೇಂದ್ರವಿತ್ತು. ಅದಕ್ಕೆ ವಹಿವಾಟು ವರ್ಗವಾಗಲಿಲ್ಲ. ಮಾರುಕಟ್ಟೆ ಮತ್ತೆ ತೆರೆದದ್ದು ಮಧ್ಯಾಹ್ನ 3.45ಕ್ಕೆ, ಸಂಜೆ 5ರವರೆಗೆ ಅವಧಿ ವಿಸ್ತರಿಸಿ. ಬದಲಿ ಕೇಂದ್ರಕ್ಕೆ ಏಕೆ ಹೋಗಲಿಲ್ಲವೆಂದು ಮಾರುಕಟ್ಟೆಯ ನಿಯಂತ್ರಕ ಸೆಬಿ ಕಾರಣ ಕೇಳಿತು.

ಹೋಗದಿರುವ ಆಮಿಷ ಅರ್ಥವಾಗದ್ದೇನಲ್ಲ. ಇನ್ನು ಹತ್ತು ನಿಮಿಷದಲ್ಲಿ ಸರಿಹೋಗಬಹುದು ಎಂದು ಪ್ರತಿ ಹತ್ತು ನಿಮಿಷಕ್ಕೂ ಅನ್ನಿಸುತ್ತದೆ. ಬದಲಿಗೆ ಹೋಗುವ ತೀರ್ಮಾನ ತೆಗೆದುಕೊಂಡವನ ಹೆಸರು ದಾಖಲಾಗುತ್ತದೆ. ಕಾದವನ ಹೆಸರು ಎಲ್ಲೂ ಬರುವುದಿಲ್ಲ. ಅಮೆರಿಕದ ಕಂಪನಿಗಳಿಗಾಗಿ ಬೆಂಗಳೂರಿನಲ್ಲಿ ಕೂತು ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವ ಇಂಜಿನಿಯರುಗಳಿಗೆ ಈ ಮನಃಸ್ಥಿತಿ ಚೆನ್ನಾಗಿ ಗೊತ್ತು. ನಿದ್ದೆಗಣ್ಣಿನಲ್ಲಿ, ಅರೆಬರೆ ಮಾಹಿತಿಯಲ್ಲಿ, ಮೇಲಿನವರು ಫೋನಿಗೆ ಸಿಗದ ಹೊತ್ತಿನಲ್ಲಿ ಕೊಡುವ ತೀರ್ಪು ಯಂತ್ರದ ಟೈಮ್‌ಔಟಿಗಿಂತ ಶ್ರೇಷ್ಠ ಎಂದು ಹೇಳುವ ಧೈರ್ಯ ನನಗಿಲ್ಲ.

ಸೆಬಿ 2021ರ ಮಾರ್ಚಿನಲ್ಲಿ ಹೊರಡಿಸಿದ ಸುತ್ತೋಲೆ ಈ ಕಗ್ಗಂಟಿಗೆ ಕೊಟ್ಟ ಉತ್ತರ ಗಮನಾರ್ಹ. ಮುಖ್ಯ ವ್ಯವಸ್ಥೆಗೆ ಅಡ್ಡಿಯಾದರೆ 30 ನಿಮಿಷದೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು. ಘೋಷಿಸಿದ 45 ನಿಮಿಷದೊಳಗೆ ಕೆಲಸ ಮತ್ತೆ ಆರಂಭವಾಗಬೇಕು, ಬೇಕಾದರೆ ಬದಲಿ ಕೇಂದ್ರದಿಂದ. ತೀರ್ಪನ್ನು ಮನುಷ್ಯನಿಂದ ಕಿತ್ತು ಯಂತ್ರಕ್ಕೆ ಕೊಡಲಿಲ್ಲ. ಆದರೆ ಕಾಯುವ ಸ್ವಾತಂತ್ರ್ಯಕ್ಕೆ ಗಡುವು ಹಾಕಿತು. ಹತ್ತು ನಿಮಿಷ ನೋಡೋಣ ಎಂಬುದನ್ನು ಮೂರು ಸಲ ಹೇಳಬಹುದು, ನಾಲ್ಕನೆಯ ಸಲ ಹೇಳುವಂತಿಲ್ಲ. ಗಿಟ್‌ಹಬ್ ತನ್ನ 2018ರ ಪೆಟ್ಟಿನ ನಂತರ ಮಾಡಿದ್ದು ಮತ್ತೊಂದು ತುದಿಯ ತಿದ್ದುಪಡಿ: ಪ್ರಧಾನ ಪಟ್ಟವನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ದಾಟಿಸದಂತೆ ಆರ್ಕೆಸ್ಟ್ರೇಟರಿಗೆ ಕಡಿವಾಣ. ಒಬ್ಬರು ಮನುಷ್ಯನ ಸಾವಧಾನಕ್ಕೆ ಮಿತಿ ಹಾಕಿದರು, ಇನ್ನೊಬ್ಬರು ಯಂತ್ರದ ಅವಸರಕ್ಕೆ.

ಎರಡನ್ನೂ ಸೇರಿಸಿ ನೋಡಿದರೆ ಒಂದು ತತ್ವ ಕಾಣುತ್ತದೆ. ಅಧಿಕಾರ ಯಾರಿಗೆ ಎಂಬುದನ್ನು ವೇಗ ನಿರ್ಧರಿಸಬಾರದು. ತಪ್ಪು ತೀರ್ಪನ್ನು ಹಿಂತೆಗೆದುಕೊಳ್ಳಲು ಆಗುತ್ತದೆಯೇ ಎಂಬುದು ನಿರ್ಧರಿಸಬೇಕು. ಮಾಹಿತಿ ಇಟ್ಟುಕೊಳ್ಳದ ವೆಬ್ ಸರ್ವರ್, ಮುಂದಿನ ಲೋಡ್ ಬ್ಯಾಲೆನ್ಸರ್, ಇವುಗಳ ಸಾವನ್ನು ಯಂತ್ರವೇ ಸಾರಲಿ, ಸೆಕೆಂಡುಗಳಲ್ಲಿ ಸಾರಲಿ. ಅರ್ಧಕ್ಕಿಂತ ಹೆಚ್ಚು ಸತ್ತವೆಂದರೆ ನಂಬದಿರಲಿ. ಚೇತರಿಸಿಕೊಂಡ ಹಳೆಯ ಪ್ರಧಾನ ಓಡಿಬಂದು ಪಟ್ಟ ಕಿತ್ತುಕೊಳ್ಳದೆ ಹಿಂದಿನ ಸಾಲಿನಲ್ಲಿ ನಿಲ್ಲಲಿ. ಒಂದೇ ಊರಿನೊಳಗಿನ ಡೇಟಾಬೇಸ್ ಆದರೆ ಮೂರನೆಯ ಸಾಕ್ಷಿ ಮತ್ತು ಫೆನ್ಸಿಂಗ್ ಇಲ್ಲದೆ ಯಂತ್ರ ಬಾಯಿ ತೆರೆಯಬಾರದು. ಊರು ದಾಟುವ, ಎರಡು ದಾಖಲೆಗಳು ಕವಲೊಡೆಯಬಹುದಾದ ನಿರ್ಧಾರ ಮನುಷ್ಯನದಾಗಿರಲಿ. ಆದರೆ ಆ ಮನುಷ್ಯ ಯಾರು, ಯಾವ ಲಕ್ಷಣ ಕಂಡರೆ, ಎಷ್ಟು ನಿಮಿಷದೊಳಗೆ ಎಂಬುದು ಮೊದಲೇ ಬರೆದಿಟ್ಟದ್ದಾಗಿರಲಿ. ಆ ಬರಹದ ಕೆಳಗೆ ಸಂಸ್ಥೆಯ ಮುಖ್ಯಸ್ಥರ ರುಜು ಇರಬೇಕು, ಇಂಜಿನಿಯರಿನದಲ್ಲ. 954 ದಾಖಲೆ ಮುಖ್ಯವೋ ಒಂದು ದಿನದ ಸೇವೆ ಮುಖ್ಯವೋ ಎಂಬುದು ತಾಂತ್ರಿಕ ಪ್ರಶ್ನೆಯಲ್ಲ. ಸಂಸ್ಥೆ ಯಾರಿಗೆ ಏನು ಮಾತು ಕೊಟ್ಟಿದೆ ಎಂಬ ಪ್ರಶ್ನೆ.

ಬರೆದಿಟ್ಟದ್ದು ನಡೆಯುತ್ತದೆಯೇ ಎಂದು ತಿಳಿಯಲು ನಡೆಸಿಯೇ ನೋಡಬೇಕು. 2024ರ ಮಾರ್ಚ್ 2, ಒಂದು ಶನಿವಾರ, ಷೇರು ವಿನಿಮಯ ಕೇಂದ್ರಗಳು ವಿಶೇಷ ವಹಿವಾಟು ನಡೆಸಿದವು: ಬೆಳಿಗ್ಗೆ ಮುಕ್ಕಾಲು ಗಂಟೆ ಮುಖ್ಯ ಕೇಂದ್ರದಿಂದ, ಆಮೇಲೆ ಒಂದು ಗಂಟೆ ಬದಲಿ ಕೇಂದ್ರದಿಂದ. ಅಣಕು ಪ್ರದರ್ಶನವಲ್ಲ, ನಿಜವಾದ ಹಣದ ನಿಜವಾದ ವ್ಯಾಪಾರ. ಅದೇ ವರ್ಷ ಮೇ 18ರಂದು ಮತ್ತೊಮ್ಮೆ ನಡೆಸಿದರು. ನೆಟ್‌ಫ್ಲಿಕ್ಸ್ ಇದಕ್ಕಿಂತ ಮುಂದೆ ಹೋಗಿ, ಕೆಲಸದ ವೇಳೆಯಲ್ಲೇ ತನ್ನ ಸರ್ವರುಗಳನ್ನು ಮನಬಂದಂತೆ ಕೊಲ್ಲುವ ಕೇಯಾಸ್ ಮಂಕಿ ಎಂಬ ತಂತ್ರಾಂಶ ಬರೆದು 2012ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿತು. ಇಂಜಿನಿಯರುಗಳು ಎಚ್ಚರವಿರುವಾಗ ಬೀಳಿಸುವುದು, ಮಲಗಿದಾಗ ತಾನಾಗಿ ಬೀಳುವುದಕ್ಕಿಂತ ಮೇಲು. ನಮ್ಮಲ್ಲಿ ಅನೇಕ ಕಡೆ ಬದಲಿ ಕೇಂದ್ರದ ಪರೀಕ್ಷೆಯೆಂದರೆ ರಜಾ ದಿನದ ರಾತ್ರಿ ಹೋಗಿ, ದೀಪ ಉರಿಯುತ್ತಿದೆಯೇ ನೋಡಿ, ಆಡಿಟಿನ ಕಾಗದಕ್ಕೆ ಸಹಿ ಹಾಕಿ ಬರುವುದು. ಅದರಿಂದ ಕಾಗದ ಉಳಿಯುತ್ತದೆ, ಸೇವೆ ಉಳಿಯುವುದಿಲ್ಲ.

ಎಲ್ಲರಿಗೂ ಕ್ಲಸ್ಟರ್ ಬೇಕೇ ಎಂಬ ಮಾತನ್ನೂ ಆಡಿಬಿಡಬೇಕು. ಒಂದು ಕಾಲೇಜಿನ ತಾಣ, ಒಂದು ಸಹಕಾರ ಸಂಘದ ತಾಣ ವರ್ಷಕ್ಕೆ ಕೆಲವು ಗಂಟೆ ನಿಂತರೆ ಆಕಾಶ ಬೀಳುವುದಿಲ್ಲ. ಅಂಥಲ್ಲಿ ಯಾರಿಗೂ ಪೂರ್ತಿ ಅರ್ಥವಾಗದ ಎರಡು ಸರ್ವರಿನ ಕ್ಲಸ್ಟರಿಗಿಂತ, ಚೆನ್ನಾಗಿ ಅರ್ಥವಾಗುವ ಒಂದು ಸರ್ವರ್ ಮತ್ತು ಮರಳಿ ಹಾಕಿ ನೋಡಿದ ಬ್ಯಾಕಪ್ ಲೇಸು. ಪ್ರತಿ ಕ್ಷಣ ನಕಲಾಗುವ ಬದಲಿ ಡೇಟಾಬೇಸ್ ಬ್ಯಾಕಪ್ ಅಲ್ಲ. ತಪ್ಪಾಗಿ ಅಳಿಸಿದ್ದೂ ಕ್ಷಣದಲ್ಲಿ ಅಲ್ಲಿಗೆ ನಕಲಾಗುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಬದಲಿಯ ಕಡತಗಳನ್ನು ಅಳಿಸಲು ಹೋಗಿ ಪ್ರಧಾನದ ಕಡತಗಳು ಅಳಿದಾಗ, ಕಾಗದದ ಮೇಲಿದ್ದ ಐದು ಬಗೆಯ ರಕ್ಷಣೆಗಳಲ್ಲಿ ನೆಚ್ಚಬಹುದಾದದ್ದು ಒಂದೂ ಇರಲಿಲ್ಲ. ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಪ್ರತಿ ಕೈಗೆ ಸಿಕ್ಕಿತು. ಆ ಆರು ಗಂಟೆಯ ಮಾಹಿತಿ ಹೋಯಿತು.

ಆಡಳಿತ ಮಂಡಳಿಯವರಾಗಲಿ, ಇಲಾಖೆಯ ಕಾರ್ಯದರ್ಶಿಗಳಾಗಲಿ, ಕಂಪನಿಯ ಮಾಲೀಕರಾಗಲಿ ತಮ್ಮ ತಂತ್ರಜ್ಞರನ್ನು ಕೇಳಬೇಕಾದ ಪ್ರಶ್ನೆ ಎಷ್ಟು ಸರ್ವರ್ ಇವೆ ಎಂಬುದಲ್ಲ. ಪ್ರಧಾನ ಸತ್ತಿತೆಂದು ಹೇಳುವವರು ಯಾರು? ಅವರು ತಪ್ಪಿದರೆ ನಾವು ಏನನ್ನು ಕಳೆದುಕೊಳ್ಳುತ್ತೇವೆ? ಬದಲಿಯ ಮೇಲೆ ನಿಜವಾದ ಗ್ರಾಹಕರನ್ನು ಕೊನೆಯ ಬಾರಿ ಓಡಿಸಿದ್ದು ಯಾವ ತಾರೀಖಿನಂದು? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಒಂದೂವರೆ ಸರ್ವರಿನ ಬಡ ಸಂಸ್ಥೆಯೂ ನೆಮ್ಮದಿಯಿಂದಿರಬಹುದು. ಬರದಿದ್ದರೆ ಮುಂದಿನ ಬಜೆಟ್ಟಿನಲ್ಲಿ ಮೂರನೆಯ ಸರ್ವರಿಗೆ ಹಣ ಇಡುವ ಮೊದಲು, ಒಂದು ವಾರದ ದಿನ, ಕಚೇರಿಯ ವೇಳೆಯಲ್ಲಿ, ಎಲ್ಲರಿಗೂ ಮೊದಲೇ ತಿಳಿಸಿ, ಪ್ರಧಾನ ಸರ್ವರಿನ ತಂತಿಯನ್ನು ಕೈಯಾರೆ ಕಿತ್ತು ನೋಡುವುದು ಒಳ್ಳೆಯದು. ಅದಕ್ಕೆ ಖರ್ಚೇನೂ ಇಲ್ಲ, ಮತ್ತು ಯಾವ ಟೆಂಡರ್ ದಾಖಲೆಯೂ ಹೇಳದ ಸಂಗತಿಯನ್ನು ಅದು ಐದು ನಿಮಿಷದಲ್ಲಿ ಹೇಳುತ್ತದೆ.